ಹಿಮದ ಬೆಟ್ಟದ ಹತ್ತಿರ ಕೈಗೆಟುಕುವ ಕಾಲೇಜು: ಕ್ಯಾಲಿಫೋರ್ನಿಯಾದಿಂದ ಯಾವ ಕಡೆಗೆ ಹೋಗಬಹುದು?

ಪ್ರಶ್ನೆ: ಫ್ರೀಮಾಂಟ್ ಅಪ್ಪ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳು ಹನ್ನೊಂದನೆಯ ತರಗತಿಯಲ್ಲಿದ್ದಾಳೆ. ಸಿವಿಲ್ ಎಂಜಿನಿಯರಿಂಗ್ ಅಥವಾ ಕಂಪ್ಯೂಟರ್ ಸೈನ್ಸ್ ಓದಬೇಕೆಂಬುದು ಅವಳ ಇಚ್ಛೆ. ಚಿಕ್ಕಂದಿನಿಂದ ಪ್ರತಿ ಚಳಿಗಾಲವೂ ಟಾಹೋಗೆ ಕರೆದುಕೊಂಡು ಹೋದ ತಪ್ಪು ನಮ್ಮದೇ ಇರಬೇಕು, ಒಂದು ಗಂಟೆಯೊಳಗೆ ಸ್ಕೀ ಬೆಟ್ಟ ಸಿಗದ ಊರಿಗೆ ತಾನು ಬರುವುದಿಲ್ಲವೆಂದು ಈಗ ಪಟ್ಟು ಹಿಡಿದಿದ್ದಾಳೆ. ನಾವಿಬ್ಬರೂ ಉದ್ಯೋಗದಲ್ಲಿರುವುದರಿಂದ ಆದಾಯ ನೋಡಿ ಕೊಡುವ ನೆರವು ನಮಗೆ ದಕ್ಕುವುದು ಕಷ್ಟ. ಊಟ, ವಸತಿ ಎಲ್ಲ ಸೇರಿ ವರ್ಷಕ್ಕೆ 40,000 ಡಾಲರ್ ಮೀರಬಾರದು. ಹೊರರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವೋ ಖಾಸಗಿ ಕಾಲೇಜೋ, ಯಾವುದು ಈ ಲೆಕ್ಕಕ್ಕೆ ಹೊಂದುತ್ತದೆ? ನಾವು ಹಸಿರು ಕಾರ್ಡ್ ಹೊಂದಿದವರು.

ಉತ್ತರ: ತುಂಗಾತೀರ

ನಿಮ್ಮ ಪರಿಸ್ಥಿತಿಯಲ್ಲಿ ಮೊದಲು ನೋಡಬೇಕಾದದ್ದು ವೆಸ್ಟರ್ನ್ ಅಂಡರ್‌ಗ್ರ್ಯಾಜುಯೇಟ್ ಎಕ್ಸ್‌ಚೇಂಜ್, ಅಂದರೆ ಎಲ್ಲರೂ ಡಬ್ಲ್ಯುಯುಇ ಎನ್ನುವ ಒಪ್ಪಂದ. ಕ್ಯಾಲಿಫೋರ್ನಿಯಾವೂ ಸೇರಿದಂತೆ ಪಶ್ಚಿಮದ ರಾಜ್ಯಗಳ ವಿದ್ಯಾರ್ಥಿಗಳಿಗೆ, ಇದರಲ್ಲಿ ಪಾಲ್ಗೊಂಡಿರುವ ನೆರೆರಾಜ್ಯಗಳ ಸರ್ಕಾರಿ ಕಾಲೇಜುಗಳು ಸ್ಥಳೀಯರ ಬೋಧನಾ ಶುಲ್ಕದ ಒಂದೂವರೆ ಪಟ್ಟಿಗಿಂತ ಹೆಚ್ಚು ಕೇಳುವಂತಿಲ್ಲ. ಆದರೆ ಎಷ್ಟು ಸೀಟು, ಯಾವ ವಿಷಯಕ್ಕೆ, ಎಷ್ಟು ಅಂಕಕ್ಕೆ ಎಂಬುದನ್ನು ಆಯಾ ಕಾಲೇಜೇ ನಿರ್ಧರಿಸುತ್ತದೆ. ಆದ್ದರಿಂದ ರಾಜ್ಯದ ಹೆಸರು ಪಟ್ಟಿಯಲ್ಲಿದೆ ಎಂದಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಸ್ಕೀಯಿಂಗ್ ಎಂದೊಡನೆ ಎಲ್ಲರ ಬಾಯಲ್ಲೂ ಬರುವ ಕೊಲರಾಡೊ ವಿಶ್ವವಿದ್ಯಾಲಯದ ಬೋಲ್ಡರ್ ಆವರಣ ಪದವಿ ವಿದ್ಯಾರ್ಥಿಗಳಿಗೆ ಈ ರಿಯಾಯಿತಿ ಕೊಡುವುದಿಲ್ಲ.

ನನ್ನ ಮಗ ಓದಿದ್ದು ರೀನೊದ ನೆವಾಡಾ ವಿಶ್ವವಿದ್ಯಾಲಯದಲ್ಲಿ, ಇದೇ ಒಪ್ಪಂದದಡಿ. ಅಲ್ಲಿಂದ ಮೌಂಟ್ ರೋಸ್ ಸ್ಕೀ ಬೆಟ್ಟ ಸುಮಾರು 25 ಮೈಲಿ. ಬೆಳಗಿನ ತರಗತಿ ಮುಗಿಸಿ ಮಧ್ಯಾಹ್ನ ನಾಲ್ಕಾರು ಸುತ್ತು ಇಳಿದು, ಸಂಜೆಗೆ ಮತ್ತೆ ಪುಸ್ತಕದ ಮುಂದೆ ಕೂರುತ್ತಿದ್ದ. ಫ್ರೀಮಾಂಟ್‌ನಿಂದ ಕಾರಿನಲ್ಲೇ ಹೋಗಿಬರಬಹುದಾದರೂ ಬಿರುಗಾಳಿಯ ದಿನ ಡಾನರ್ ಕಣಿವೆಯಲ್ಲಿ ಹೆದ್ದಾರಿ 80 ಮುಚ್ಚಿಬಿಡುತ್ತದೆ. ಕ್ರಿಸ್‌ಮಸ್ ರಜೆಗೆ ಮಗ ಮನೆ ಸೇರಲು ಎರಡು ದಿನ ಕಾದದ್ದನ್ನು ನಾವು ಮರೆತಿಲ್ಲ.

ಉತ್ತರ: ಬಿಳಿಗಿರಿ

ಯೂಟಾ ವಿಶ್ವವಿದ್ಯಾಲಯದ ಬಗ್ಗೆ ಒಂದಿಷ್ಟು ವಿವರವಾಗಿ ಬರೆಯುತ್ತೇನೆ, ಏಕೆಂದರೆ ಅಲ್ಲಿ ಉಳಿತಾಯದ ದಾರಿ ಬೇರೆ ಬಗೆಯದು. ಮೊದಲ ವರ್ಷ ಹೊರರಾಜ್ಯದ ಪೂರ್ತಿ ಶುಲ್ಕ ಕಟ್ಟಿ, ಸತತ ಹನ್ನೆರಡು ತಿಂಗಳು ಅಲ್ಲಿಯೇ ವಾಸಿಸಿ, ಚಾಲನಾ ಪರವಾನಗಿ ಮುಂತಾದ ಪುರಾವೆಗಳನ್ನು ಒದಗಿಸಿದರೆ ಎರಡನೆಯ ವರ್ಷದಿಂದ ಯೂಟಾ ನಿವಾಸಿಯ ಶುಲ್ಕಕ್ಕೆ ಅರ್ಜಿ ಹಾಕಬಹುದು. ಇದಕ್ಕೆ ತೆರಬೇಕಾದ ಬೆಲೆ ಎರಡು: ಮಗಳನ್ನು ನಿಮ್ಮ ತೆರಿಗೆ ಪತ್ರದಲ್ಲಿ ಅವಲಂಬಿತಳೆಂದು ತೋರಿಸುವಂತಿಲ್ಲ, ಮತ್ತು ಆ ಬೇಸಿಗೆಯನ್ನು ಅವಳು ಸಾಲ್ಟ್ ಲೇಕ್ ಸಿಟಿಯಲ್ಲೇ ಕಳೆಯಬೇಕು. ಎರಡು ತಿಂಗಳು ಮೈಸೂರಿನ ಅಜ್ಜಿಯ ಮನೆ ಎಂಬ ಮಾತು ಆ ವರ್ಷಕ್ಕಿಲ್ಲ. ನಾಲ್ಕು ವರ್ಷಗಳ ಒಟ್ಟು ವೆಚ್ಚವನ್ನು ಒಂದೇ ಹಾಳೆಯಲ್ಲಿ ಬರೆದು ಡಬ್ಲ್ಯುಯುಇ ಜೊತೆ ಹೋಲಿಸಿ ನೋಡಿ. ಡಬ್ಲ್ಯುಯುಇಯಲ್ಲಿ ಕಳೆದ ಅವಧಿ ಸಾಮಾನ್ಯವಾಗಿ ನಿವಾಸಿತ್ವದ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಎರಡು ದೋಣಿಗಳಲ್ಲಿ ಕಾಲಿಡಲಾಗುವುದಿಲ್ಲ.

ಓದಿನ ವಿಷಯಕ್ಕೆ ಬಂದರೆ, 1969ರಲ್ಲಿ ಇಂದಿನ ಅಂತರ್ಜಾಲಕ್ಕೆ ಮೂಲವಾದ ಅರ್ಪಾನೆಟ್ಟಿನ ಮೊದಲ ನಾಲ್ಕು ಕೇಂದ್ರಗಳಲ್ಲಿ ಒಂದಾಗಿದ್ದ ವಿಶ್ವವಿದ್ಯಾಲಯ ಅದು. ಕಂಪ್ಯೂಟರ್ ಗ್ರಾಫಿಕ್ಸ್ ಬೆಳೆದ ಮನೆಗಳಲ್ಲೂ ಅದೊಂದು. ಆಲ್ಟಾ, ಸ್ನೋಬರ್ಡ್, ಬ್ರೈಟನ್, ಸಾಲಿಟ್ಯೂಡ್ ನಾಲ್ಕೂ ಸ್ಕೀ ಬೆಟ್ಟಗಳು ಒಂದು ಗಂಟೆಯೊಳಗಿನವು. ಆಲ್ಟಾದಲ್ಲಿ ವರ್ಷಕ್ಕೆ ಸರಾಸರಿ 500 ಇಂಚು ಮೀರಿ ಹಿಮ ಬೀಳುತ್ತದೆ. ಆದರೆ ಅಲ್ಲಿ ಸ್ನೋಬೋರ್ಡಿಗೆ ಪ್ರವೇಶವಿಲ್ಲ ಎಂಬುದನ್ನು ಮಗಳಿಗೆ ಮೊದಲೇ ತಿಳಿಸಿ. ‘ಒಂದು ಗಂಟೆ’ ಎಂದದ್ದು ವಾರದ ನಡುವಿನ ಮಾತು. ಹೊಸ ಹಿಮ ಬಿದ್ದ ಶನಿವಾರ ಬೆಳಿಗ್ಗೆ ಆಲ್ಟಾಗೆ ಹೋಗುವ ಲಿಟಲ್ ಕಾಟನ್‌ವುಡ್ ಕಣಿವೆಯ ರಸ್ತೆಯಲ್ಲಿ ಕಾರುಗಳ ಸಾಲು ಹಾವಿನಂತೆ ಮಲಗಿರುತ್ತದೆ, ಹಿಮಕುಸಿತದ ಭಯವಿದ್ದರೆ ರಸ್ತೆಯೇ ತೆರೆಯುವುದಿಲ್ಲ. ಆದ್ದರಿಂದ ಮೈಲಿ ಎಣಿಸುವ ಬದಲು, ಮಂಗಳವಾರವೋ ಗುರುವಾರವೋ ಅರ್ಧ ದಿನ ಬಿಡುವು ಸಿಗುವಂತೆ ವೇಳಾಪಟ್ಟಿ ಹೊಂದಿಸಿಕೊಳ್ಳಲು ಸಾಧ್ಯವೇ ಎಂದು ವಿಚಾರಿಸಿ.

ಉತ್ತರ: ಹಳೇ ಮಲೆನಾಡಿಗ

ಸಿವಿಲ್ ಎಂಜಿನಿಯರಿಂಗ್ ಎಂದಿರಿ. ಹಾಗಾದರೆ ಬೋಜ್‌ಮನ್‌ನಲ್ಲಿರುವ ಮೊಂಟಾನಾ ಸ್ಟೇಟ್ ಅನ್ನು ಬಿಡಬೇಡಿ. ಹಿಮ ಮತ್ತು ಹಿಮಕುಸಿತಗಳ ಅಧ್ಯಯನಕ್ಕೆ ಹೆಸರಾದ ಸಂಸ್ಥೆ ಅದು. ಘನೀಭವನ ಬಿಂದುವಿಗಿಂತ ಕೆಳಗಿನ ಉಷ್ಣತೆಯಲ್ಲಿ ಪ್ರಯೋಗ ನಡೆಸುವ ಪ್ರಯೋಗಾಲಯವೇ ಅಲ್ಲಿದೆ. ಮಗಳ ಹಟವೇ ಅವಳ ವೃತ್ತಿಯಾದರೂ ಆಗಬಹುದು. ಊರಿಗೆ ಹದಿನಾರು ಮೈಲಿ ದೂರದ ಬ್ರಿಜರ್ ಬೋಲ್ ಲಾಭದ ಉದ್ದೇಶವಿಲ್ಲದೆ ನಡೆಯುವ ಬೆಟ್ಟವಾದ್ದರಿಂದ ಅದೇ ಸೀಮೆಯ ದೊಡ್ಡ ಸ್ಕೀ ಬೆಟ್ಟವಾದ ಬಿಗ್ ಸ್ಕೈಗೆ ಹೋಲಿಸಿದರೆ ಟಿಕೆಟ್ ಬಹಳ ಅಗ್ಗ. ಊರಿನ ಬಾಡಿಗೆ ಮಾತ್ರ ಈಚಿನ ವರ್ಷಗಳಲ್ಲಿ ವಿಪರೀತ ಏರಿದೆ.

ಖಾಸಗಿ ಕಾಲೇಜುಗಳ ಬಗ್ಗೆ ಒಂದು ಎಚ್ಚರಿಕೆ. ಸ್ವಂತ ಸ್ಕೀ ಬೆಟ್ಟವಿರುವ ಡಾರ್ಟ್‌ಮತ್ ಮತ್ತು ಮಿಡಲ್‌ಬರಿ ಅಗತ್ಯ ನೋಡಿ ಧಾರಾಳವಾಗಿ ನೆರವು ಕೊಡುತ್ತವೆ, ಆದರೆ ಅಂಕ ನೋಡಿ ಒಂದು ಡಾಲರನ್ನೂ ಕೊಡುವುದಿಲ್ಲ. ನಿಮ್ಮಂಥ ಎರಡು ಸಂಬಳದ ಮನೆಗೆ ಅವು ದೂರದ ಬೆಟ್ಟ. ಅಂಕಕ್ಕೆ ವಿದ್ಯಾರ್ಥಿವೇತನ ಕೊಡುವ ಖಾಸಗಿಯವರನ್ನು ಹುಡುಕಿ: ಸಾಲ್ಟ್ ಲೇಕ್‌ನ ವೆಸ್ಟ್‌ಮಿನ್‌ಸ್ಟರ್, ಸ್ಪೋಕೇನ್‌ನ ವಿಟ್‌ವರ್ತ್ ಮತ್ತು ಗೊಂಜಾಗ. ಪ್ರತಿ ಕಾಲೇಜಿನ ಜಾಲತಾಣದಲ್ಲೂ ನಿಜವಾದ ವೆಚ್ಚ ತೋರಿಸುವ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ ಇರುತ್ತದೆ. ಅದನ್ನು ತುಂಬದೆ ಮುದ್ರಿತ ಶುಲ್ಕ ನೋಡಿ ಹೆದರುವುದೂ ಬೇಡ, ಆಸೆಪಡುವುದೂ ಬೇಡ.

ದೂರವಾದರೂ ಇನ್ನೊಂದು ಹೆಸರು ಹೇಳುತ್ತೇನೆ: ಹೌಟನ್‌ನ ಮಿಷಿಗನ್ ಟೆಕ್. ಒಳ್ಳೆಯ ಎಂಜಿನಿಯರಿಂಗ್, ವರ್ಷಕ್ಕೆ 200 ಇಂಚಿನಷ್ಟು ಹಿಮ, ಕಾಲುವೆಯ ಆಚೆ ದಡದಲ್ಲಿ ವಿಶ್ವವಿದ್ಯಾಲಯದ್ದೇ ಆದ ಸ್ಕೀ ಬೆಟ್ಟ ಮಾಂಟ್ ರಿಪ್ಲಿ.

ಫ್ರೀಮಾಂಟ್ ಅಪ್ಪ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಮಗಳ ಜೊತೆ ಕುಳಿತು ಐದು ಕಾಲೇಜುಗಳ ಲೆಕ್ಕ ಹಾಕಿದೆವು. ಮಾಂಟ್ ರಿಪ್ಲಿಯ ಎತ್ತರ ಬುಡದಿಂದ ತುದಿಗೆ 440 ಅಡಿ ಎಂದು ಓದಿ ಅವಳು ಅದನ್ನು ದಿಣ್ಣೆ ಎಂದು ಕರೆದು ಪಟ್ಟಿಯಿಂದ ಹೊಡೆದುಹಾಕಿದಳು. ಹಿಮದ ಪ್ರಯೋಗಾಲಯದ ವಿಷಯ ಓದಿದ ಮೇಲೆ ಮಾತ್ರ ಮೌನವಾದಳು. ರೀನೊ ಮತ್ತು ಬೋಜ್‌ಮನ್ ಎರಡನ್ನೂ ಮಾರ್ಚ್ ರಜೆಯಲ್ಲಿ ನೋಡಿಬರಲು ನಿಶ್ಚಯಿಸಿದ್ದೇವೆ. ಬಿಳಿಗಿರಿಯವರೇ, ಯೂಟಾದ ತೆರಿಗೆ ವಿಚಾರವನ್ನು ನಮ್ಮ ಲೆಕ್ಕಿಗರಲ್ಲಿ ಕೇಳಿ ಇಲ್ಲಿಯೇ ಬರೆಯುತ್ತೇನೆ.