ಮುತ್ತಾತನ ಮೆಡಲ್ ತೊಳೀಬಹುದಾ?

ಪ್ರಶ್ನೆ: ನಮಸ್ಕಾರ ಎಲ್ರಿಗೂ. ಊರಿನ ಮನೆ ಅಟ್ಟದ ಟ್ರಂಕಲ್ಲಿ ಅಜ್ಜಿ ಸೀರೇಲಿ ಸುತ್ತಿಟ್ಟಿದ್ದ ಒಂದು ಮೆಡಲ್ ಸಿಕ್ತು, ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ಕುದುರೆ ಮೇಲೆ ಬರೀಮೈಯಲ್ಲಿ ಕೂತಿರೋನು, 1914, 1918 ಅಂತಿದೆ. ಪೂರ್ತಿ ಕಪ್ಪಾಗಿದೆ, ಹುಣಸೆಹಣ್ಣಲ್ಲಿ ಉಜ್ಜಲಾ? ಮುತ್ತಾತ ಮೈಸೂರು ಮಹಾರಾಜರ ಕುದುರೆ ಪಡೆ, ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ರು ಅಂತ ಅಪ್ಪ ಹೇಳ್ತಿದ್ರು.

ಉತ್ತರ 1: ದಯವಿಟ್ಟು ಉಜ್ಜಬೇಡಿ! ಅದು ಮೊದಲ ಮಹಾಯುದ್ಧದಲ್ಲಿ ಸೇವೆ ಮಾಡಿದೋರಿಗೆ ಕೊಟ್ಟ ಬ್ರಿಟಿಷ್ ವಾರ್ ಮೆಡಲ್, ರಾಜ ಐದನೇ ಜಾರ್ಜ್. ಸೈನಿಕರಿಗೆ ಬೆಳ್ಳೀದು ಕೊಟ್ಟಿದ್ರು, ಆ ಕಪ್ಪು ಬೆಳ್ಳಿ ಮೇಲೆ ತಾನಾಗೇ ಕೂತಿರೋದು, ಸಂಗ್ರಹ ಮಾಡೋರು ಅದನ್ನ ಹಾಗೇ ಇಟ್ಕೋತಾರೆ. ಮೊದ್ಲು ಅಂಚು ನೋಡಿ, ಲೆನ್ಸ್ ಇಟ್ಟು ನಿಧಾನಕ್ಕೆ ತಿರುಗ್ಸಿ, ನಂಬರು, ಹುದ್ದೆ, ಹೆಸರು, ಪಡೆ ಹೆಸರು ಸಣ್ಣಕ್ಷರದಲ್ಲಿ ಕೆತ್ತಿರ್ತಾರೆ, ಉಜ್ಜಿದ್ರೆ ಅದೂ ಸವೆದುಹೋಗುತ್ತೆ.

ಉತ್ತರ 2: ಮೈಸೂರು ಲ್ಯಾನ್ಸರ್ಸ್ ಅಂದ್ರೆ 1918ರ ಸೆಪ್ಟೆಂಬರ್ 23ಕ್ಕೆ ಈಗಿನ ಇಸ್ರೇಲಿನ ಹೈಫಾದಲ್ಲಿ ಜೋಧ್‌ಪುರದವರ ಜೊತೆ ಕುದುರೆ ಮೇಲೆ ಈಟಿ ಹಿಡ್ಕೊಂಡು ಮೆಷಿನ್‌ಗನ್ ಎದುರಿಗೆ ನುಗ್ಗಿದವ್ರು ರೀ. ದಿಲ್ಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಸೈನಿಕರ ಪ್ರತಿಮೇಲಿ ಒಂದು ನಮ್ಮ ಮೈಸೂರಿಂದು. ರಿಬ್ಬನ್ ಇದ್ಯಾ? ನಡುವೆ ಕಿತ್ತಳೆ, ಆಚೆಈಚೆ ಬಿಳಿ, ಕಪ್ಪು, ನೀಲಿ ಇರ್ಬೇಕು, ಹರಿದಿದ್ರೂ ಎಸೀಬೇಡಿ. ಪ್ಲಾಸ್ಟಿಕ್ ಕವರ್ ಬೇಡ, ಒಣ ಹತ್ತಿ ಬಟ್ಟೇಲಿ ಸುತ್ತಿ.

ಪ್ರಶ್ನೆ ಕೇಳಿದವರು: ಅಂಚಲ್ಲಿ ಹೆಸರು ಕಾಣ್ತು ಸರ್, ಇಂಗ್ಲಿಷಲ್ಲಿ ಬೇರೆ ಥರ ಸ್ಪೆಲ್ಲಿಂಗ್ ಇದೆ ಆದ್ರೆ ಅವರದ್ದೇ. ಅಪ್ಪಂಗೆ ಫೋನ್ ಮಾಡಿ ಓದಿ ಹೇಳ್ದೆ, ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ.

ಉತ್ತರ 1: ಹೊರದೇಶದೋರು ಯಾರಾದ್ರೂ ಕೇಳಿದ್ರೆ ಕಳಿಸ್ಬೇಡಿ, ನೂರು ವರ್ಷ ದಾಟಿದ ಇಂಥ ವಸ್ತು ಹೊರಗೆ ಕಳ್ಸೋಕೆ 1972ರ ಪುರಾತನ ವಸ್ತುಗಳ ಕಾನೂನು ಬಿಡಲ್ಲ.