‘ಪೂರಕ ಅಪಸ್ಮಾರರೋಧಕ’ ಬಳಸಬಹುದೇ?

ಪ್ರಶ್ನೆ: ಅತಿಹುರುಪು, ಖಿನ್ನತೆ ಸರದಿಯಲ್ಲಿ ಬರುವ ಬೈಪೋಲಾರ್ ಕಾಯಿಲೆಯ ಕೈಪಿಡಿಯೊಂದರ ಕರಡಿನಲ್ಲಿ ‘ತೀವ್ರ ಉನ್ಮಾದದಲ್ಲಿ ಪೂರಕ ಅಪಸ್ಮಾರರೋಧಕವನ್ನು ಬೆರೆಸಲಾಗುತ್ತದೆ’ ಎಂಬ ವಾಕ್ಯವಿದೆ. ಆಂಟಿಸೈಕೋಟಿಕ್ (ಭ್ರಮೆ, ಉದ್ರೇಕ ಇಳಿಸುವ) ಮಾತ್ರೆ ನಡೆಯುತ್ತಿರುವಾಗಲೇ ವಾಲ್‌ಪ್ರೊಯೇಟ್ ಎಂಬ ಫಿಟ್ಸ್ ಮದ್ದನ್ನೂ ಶುರುಮಾಡುವುದು ಎಂಬುದು ಅದರ ಅರ್ಥ. ಓದುವವರು ರೋಗಿಯ ಮನೆಯವರು. ಯಾವ ಪದ ಉಳಿಯಬಹುದು?

ಉತ್ತರ: ನಮಸ್ಕಾರ. ಮೊದಲು ಹೋಗಬೇಕಾದದ್ದು ‘ಬೆರೆಸು’. ಅದನ್ನು ನಂಬಿ ಮಾತ್ರೆಯನ್ನು ಪುಡಿಮಾಡಿ ಕಲಸಿದರೆ, ದಿನವಿಡೀ ನಿಧಾನವಾಗಿ ಇಳಿಯಬೇಕಾದ ಮದ್ದು ಒಮ್ಮೆಲೇ ಮೈಗೆ ಸೇರುತ್ತದೆ. ‘ಜೊತೆಗೆ ಕೊಡು’ ಅನ್ನಿ. ‘ಪೂರಕ’ವೂ ಬೇಡ; ವಿಟಮಿನ್ ಗುಳಿಗೆಯಂತೆ, ಬಿಟ್ಟರೂ ನಡೆದೀತು ಅನ್ನಿಸುತ್ತದೆ.

‘ತೀವ್ರ’ ಎಂದರೆ ಓದುಗರಿಗೆ ಬಲವಾದದ್ದು ಅಂತಲೇ ಅರ್ಥ. ಇಲ್ಲಿ ಹೇಳಬೇಕಾದದ್ದು ಈಗ ಎದ್ದಿರುವುದು. ಇನ್ನು ‘ಉನ್ಮಾದ’ ಆಯುರ್ವೇದದಲ್ಲಿ ಮನೋವಿಕಾರಗಳ ಇಡೀ ಗುಂಪಿನ ಹೆಸರು. ಮೇನಿಯಾ ಎಂದೇ ಇಟ್ಟು, ‘ನಿದ್ದೆ ಬೇಡವೆನಿಸುವ, ಮಾತು ನಿಲ್ಲದ, ಹುರುಪು ಮಿತಿಮೀರಿದ ಸ್ಥಿತಿ’ ಎಂದು ಒಮ್ಮೆ ಬಿಡಿಸಿ ಹೇಳಿದರೆ ಸಾಕು.

ನಿಜವಾದ ತೊಡಕು ‘ಅಪಸ್ಮಾರರೋಧಕ’. ಮನೆಯವರು ಅದನ್ನು ‘ಫಿಟ್ಸ್ ಮಾತ್ರೆ’ ಎಂದು ಓದಿಕೊಂಡು, ಇವರಿಗೆ ಫಿಟ್ಸ್ ಬಂದೇ ಇಲ್ಲವಲ್ಲ ಎಂದು ನಿಲ್ಲಿಸಿಬಿಡಬಹುದು. ಗುಂಪಿನ ಹೆಸರು ವಿಷಯದ ದೃಷ್ಟಿಯಿಂದಲೂ ತಪ್ಪು. ಆ ಗುಂಪಿನಲ್ಲೇ ವಾಲ್‌ಪ್ರೊಯೇಟ್, ಕಾರ್ಬಮಜೆಪಿನ್ ಮೇನಿಯಾ ಇಳಿಸುತ್ತವೆ. ಗ್ಯಾಬಪೆಂಟಿನ್, ಟೋಪಿರಮೇಟ್ ಇಳಿಸುವುದಿಲ್ಲ. ಲ್ಯಾಮೋಟ್ರಿಜಿನ್ ಪ್ರಮಾಣವನ್ನು ವಾರಗಟ್ಟಲೆ ಮೆಲ್ಲಗೆ ಏರಿಸಬೇಕು, ಅವಸರಿಸಿದರೆ ಚರ್ಮದ ಮೇಲೆ ಅಪಾಯಕರ ಗುಳ್ಳೆಗಳೇಳಬಹುದು; ಈಗ ಎದ್ದಿರುವ ಮೇನಿಯಾಕ್ಕೆ ಅದು ಒದಗದು. ಹಾಗಾಗಿ ಮದ್ದಿನ ಹೆಸರನ್ನೇ ಹೇಳಿ:

‘ಈಗ ಎದ್ದಿರುವ ಮೇನಿಯಾ ಇಳಿಸಲು, ಆಂಟಿಸೈಕೋಟಿಕ್ ಮಾತ್ರೆಯನ್ನು ನಿಲ್ಲಿಸದೆ ಅದರ ಜೊತೆಗೆ ವಾಲ್‌ಪ್ರೊಯೇಟ್ ಕೊಡುತ್ತಾರೆ. ಇದು ಫಿಟ್ಸ್‌ಗೂ ಬಳಸುವ ಮದ್ದು. ಇಲ್ಲಿ ಕೊಡುವುದು ಮೇನಿಯಾಕ್ಕೆ.’

‘ಈಗಿನ ಮಾತ್ರೆಗಳನ್ನು ನಿಲ್ಲಿಸದೆ’ ಎಂದು ಸಾರಾಸಗಟಾಗಿ ಬರೆಯಬೇಡಿ. ಖಿನ್ನತೆಯ ಮಾತ್ರೆ ನಡೆಯುತ್ತಿದ್ದರೆ ಮೇನಿಯಾದ ಹೊತ್ತಿನಲ್ಲಿ ವೈದ್ಯರು ಸಾಮಾನ್ಯವಾಗಿ ಅದನ್ನು ನಿಲ್ಲಿಸುತ್ತಾರೆ.

ವಾಲ್‌ಪ್ರೊಯೇಟ್ ಪ್ರಮಾಣದ ಭಾಗದಲ್ಲಿ ಲೆಕ್ಕವನ್ನೇ ತೋರಿಸಿ: ಕಿಲೋ ತೂಕಕ್ಕೆ ದಿನಕ್ಕೆ 20 ಮಿಲಿಗ್ರಾಂ ಎಂದು ವೈದ್ಯರು ಶುರುಮಾಡಿದರೆ, 60 ಕಿಲೋದವರಿಗೆ 1,200 ಮಿಲಿಗ್ರಾಂ. ರಕ್ತಪರೀಕ್ಷೆಯ ‘ಟ್ರಫ್’ಗೆ (ಮುಂದಿನ ಗುಳಿಗೆಗೆ ತುಸು ಮುಂಚೆ ರಕ್ತದಲ್ಲಿರುವ ಮದ್ದಿನ ಮಟ್ಟ) ‘ತಗ್ಗು ಮಟ್ಟ’ ಎಂದರೆ ಮದ್ದು ಕಡಿಮೆಯಾಗಿದೆ ಎಂದು ಗಾಬರಿಯಾದೀತು. ‘ಗುಳಿಗೆಗೆ ಮುಂಚಿನ ಮಟ್ಟ’ ಎಂಬುದರಲ್ಲಿ ರಕ್ತ ಯಾವಾಗ ಕೊಡಬೇಕೆಂಬುದೂ ಸೇರಿದೆ. ಬೆಳಗಿನ ಗುಳಿಗೆ ನುಂಗಿ ಹೋದರೆ ಅಂಕಿ ಸುಳ್ಳೇ ಏರುತ್ತದೆ. ಮಿಲಿಲೀಟರಿಗೆ 50ರಿಂದ 125 ಮೈಕ್ರೊಗ್ರಾಂ ವಾಡಿಕೆಯ ಗುರಿ.

‘ಗರ್ಭಿಣಿಯರು ಎಚ್ಚರ ವಹಿಸಿ’ ಎಂಬ ಸಾಲನ್ನು ದಯವಿಟ್ಟು ತಿದ್ದಿ. ವಾಲ್‌ಪ್ರೊಯೇಟ್ ಹಾನಿಮಾಡಬಹುದಾದ ಮಗುವಿನ ನರಕೊಳವೆ (ಮುಂದೆ ಮಿದುಳು, ಬೆನ್ನುಹುರಿ ಆಗುವ ಭಾಗ) ಮುಚ್ಚುವುದು ಗರ್ಭ ಕಟ್ಟಿದ ಮೊದಲ 4 ವಾರಗಳಲ್ಲಿ, ಎಷ್ಟೋ ಜನರಿಗೆ ಗರ್ಭಿಣಿಯೆಂದು ತಿಳಿಯುವ ಮುಂಚೆಯೇ. ‘ಗರ್ಭ ಧರಿಸುವ ಸಾಧ್ಯತೆ ಇರುವವರು ಮಾತ್ರೆ ಶುರುವಾಗುವ ಮೊದಲೇ ವೈದ್ಯರಿಗೆ ಹೇಳಬೇಕು’ ಎಂದಿರಲಿ.