ಹಂಡೆ ಯಾರದು?

ಬೆಳಿಗ್ಗೆ 6.10ಕ್ಕೆ ಚಿಕ್ಕಮ್ಮ ನಮ್ಮ ಮನೆತನದ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸಂದೇಶ ದಾಟಿಸಿದರು: ‘ಕರೆಂಟ್ ಗೀಸರ್ ಬಿಡಿ, ಗ್ಯಾಸ್ ಗೀಸರ್ ಹಾಕಿಸಿ. ಬಿಸಿನೀರಿನ ಖರ್ಚು ಕಾಲು ಭಾಗಕ್ಕೆ ಇಳಿಯುತ್ತದೆ!’ ಕೆಳಗೆ ಅವರದೇ ಒಂದು ಸಾಲು: ‘ನಾನು ಹಾಕಿಸಿದಾಗ ನಕ್ಕವರು ಓದಿಕೊಳ್ಳಲಿ.’ ನಕ್ಕವರು ಯಾರೆಂದು ಗುಂಪಿನ ಹದಿನಾಲ್ಕೂ ಜನರಿಗೆ ಗೊತ್ತು.

ವಿನಯ: ಚಿಕ್ಕಮ್ಮ, ಇದನ್ನು ಬರೆದವರು ಯಾರು? ಸಿಲಿಂಡರ್‌ಗೆ 450 ರೂಪಾಯಿ ಎಂದಿದೆ. ಯಾವ ಕಾಲದ್ದು?

ಚಿಕ್ಕಮ್ಮ: ಎಲ್ಲದಕ್ಕೂ ಪುರಾವೆ ಕೇಳುತ್ತೀಯ. ನಿನ್ನ ಮದುವೆಯ ಛತ್ರದ ಲೆಕ್ಕವನ್ನು ಮಾತ್ರ ಇವತ್ತಿಗೂ ಕೊಟ್ಟಿಲ್ಲ.

ಛತ್ರದ ಮಾತು ಬಂದರೆ ವಿನಯ ಅಂಕಿಗಳ ಹಿಂದೆ ಅಡಗುತ್ತಾನೆ.

ವಿನಯ: 14.2 ಕಿಲೋ ಸಿಲಿಂಡರ್‌ನಲ್ಲಿರುವುದು ಸುಮಾರು 180 ಯೂನಿಟ್ ಶಾಖ. ಅದರಲ್ಲಿ ಐದನೇ ಒಂದು ಭಾಗ ಹೊಗೆಯ ಜೊತೆ ಹೋಗುತ್ತದೆ. ನೀರಿಗೆ ಸಿಗುವುದು 145 ಎಂದುಕೊಳ್ಳಿ. ಸಿಲಿಂಡರ್‌ಗೆ 870 ಕೊಟ್ಟರೆ ಯೂನಿಟ್‌ಗೆ 6 ರೂಪಾಯಿ. ಕರೆಂಟಿಗೆ ತೆರಿಗೆ ಎಲ್ಲ ಸೇರಿ 7 ಎಂದು ಹಿಡಿಯಿರಿ. 20 ಲೀಟರ್ ಬಕೆಟ್ಟನ್ನು 20 ಡಿಗ್ರಿ ಬಿಸಿ ಮಾಡಲು ಅರ್ಧ ಯೂನಿಟ್ ಸಾಕು. ಉಳಿತಾಯ ಬಕೆಟ್ಟಿಗೆ ಐವತ್ತು ಪೈಸೆ. ಕಾಲು ಭಾಗ ಎಲ್ಲಿಂದ ಬಂತು?

ನಾನು ಬಸ್ಸಿನಲ್ಲಿ ಕುಳಿತು ಎರಡು ಸಲ ಓದಿದೆ, ಲೆಕ್ಕ ಸರಿಯಾಗಿಯೇ ಇತ್ತು. ಬೇರೆ ಯಾರೂ ಓದಿದಂತೆ ಕಾಣಲಿಲ್ಲ.

ದೊಡ್ಡಪ್ಪ: ನನಗೆ ಗೃಹಜ್ಯೋತಿ ಇದೆ, ಬಿಲ್ಲು ಸೊನ್ನೆ. ಆದರೆ ಗೀಸರ್ ಸ್ವಿಚ್ ಹಾಕಿ ವಾಕಿಂಗ್‌ಗೆ ಹೋಗುವ ಮನೆಗಳಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ.

ವಿನಯ: ದೊಡ್ಡಪ್ಪ, ಅದು 2022-23ರ ಸರಾಸರಿ ಬಳಕೆಯ ಮೇಲೆ ಶೇ 10ರವರೆಗೆ ಮಾತ್ರ. ಮೀರಿದ್ದಕ್ಕೆ ದುಡ್ಡು ಕೊಡಬೇಕು.

ದೊಡ್ಡಪ್ಪ: ನನಗೆ ಹೇಳಿಕೊಡುವಷ್ಟು ದೊಡ್ಡವನಾದೆಯಾ?

ವಾಕಿಂಗ್‌ಗೆ ಹೋಗುವವರು ವಿನಯನ ಅಪ್ಪ. ಅವರು ಆನ್‌ಲೈನ್‌ನಲ್ಲೇ ಇದ್ದರು. ಉತ್ತರಿಸಲಿಲ್ಲ.

ಅಷ್ಟರಲ್ಲಿ ಶಾಲಿನಿ ಅತ್ತಿಗೆ ಬಂದರು. ಯಾವ ಜಗಳವಾದರೂ ಅವರು ಅದನ್ನು ಸಾಗರದ ಹಳೆಯ ಮನೆಗೆ ಕರೆದೊಯ್ಯುತ್ತಾರೆ.

ಶಾಲಿನಿ: ಬಚ್ಚಲ ಒಲೆಯ ನೀರಿಗೆ ಯಾವುದು ಸಮ? ಅಜ್ಜಿ ಅಡಿಕೆ ಸಿಪ್ಪೆ ತುರುಕಿ ಊದುಗೊಳವೆಯಲ್ಲಿ ಊದುತ್ತಿದ್ದರು. ನೀರು ತುಂಬುವ ಹಬ್ಬದ ದಿನ ಹಂಡೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ, ಕೊರಳಿಗೆ ಹಿಂಡಲೆಕಾಯಿ ಬಳ್ಳಿ. ಮೈಗೆಲ್ಲ ಹೊಗೆಯ ವಾಸನೆ.

ದೊಡ್ಡಪ್ಪ: ಆ ತಾಮ್ರದ ಹಂಡೆ ಈಗ ಯಾರ ಮನೆಯಲ್ಲಿದೆ?

ಒಟ್ಟಿಗೆ ಮೂರು ಜನ ‘ಟೈಪ್ ಮಾಡುತ್ತಿದ್ದಾರೆ’ ಎಂದು ತೋರಿಸಿತು. ಆಮೇಲೆ ಒಬ್ಬರೂ ಇಲ್ಲ.

ಚಿಕ್ಕಮ್ಮ: ಭಾವ, ಅತ್ತೆ ಅದನ್ನು ತಮ್ಮ ಕೈಯಾರೆ ನನಗೆ ಕೊಟ್ಟಿದ್ದು.

ದೊಡ್ಡಪ್ಪ: ಅಮ್ಮ ಯಾರಿಗೂ ಕೊಟ್ಟಿಲ್ಲ. ವೈಕುಂಠ ಸಮಾರಾಧನೆ ಮುಗಿದ ಮರುದಿನ ವ್ಯಾನಿನಲ್ಲಿ ಹೋಯಿತು.

ಶಾಲಿನಿ: ಗುಜರಿಗೆ ಹಾಕಿದ್ದಾರೆ ಎಂದು ಕೇಳಿದ್ದೆ.

ಚಿಕ್ಕಮ್ಮ ಒಂದು ಫೋಟೋ ಕಳಿಸಿದರು. ಅವರ ಬೆಂಗಳೂರಿನ ಮನೆಯ ಬಚ್ಚಲು. ಮೂಲೆಯಲ್ಲಿ ಹಂಡೆ, ಬಾಯಿ ತುಂಬ ಒಗೆಯುವ ಬಟ್ಟೆ. ಒಂದು ಕಾಲುಚೀಲ ಅಂಚಿನ ಮೇಲೆ ಜೋತು ಬಿದ್ದಿತ್ತು.

ದೊಡ್ಡಪ್ಪ: ಅಮ್ಮನ ಹಂಡೆಯಲ್ಲಿ ಕೊಳೆ ಬಟ್ಟೆ!

ವಿನಯ: ಚಿಕ್ಕಮ್ಮ, ಗ್ಯಾಸ್ ಗೀಸರ್ ಬಚ್ಚಲಿನ ಒಳಗೇ ಇದೆಯಲ್ಲ? ಕಿಟಕಿಗೆ ರಟ್ಟು ಬಡಿದಿದ್ದೀರಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇರುವುದಿಲ್ಲ, ಗೊತ್ತಾಗುವ ಮೊದಲೇ ಎಚ್ಚರ ತಪ್ಪುತ್ತದೆ. ಇವತ್ತೇ ರಟ್ಟು ತೆಗೆಸಿ, ಗೀಸರನ್ನು ಹೊರಗೆ ಹಾಕಿಸಿ.

ಚಿಕ್ಕಮ್ಮ: ಮಾತು ತಿರುಗಿಸಬೇಡ ವಿನಯ. ಹಂಡೆ ನನ್ನದು.